ಗ್ಯಾರೇಜ್ ಸೇಲ್‌ನಲ್ಲಿ ಸಿಕ್ಕ ಹಳೇ ಬೇರ್ ಕಂಪನಿ ಬಿಲ್ಲು: ಹೆದೆ ಏರಿಸಬಹುದಾ, ಗೋಡೆಗೆ ನೇತುಹಾಕಬೇಕಾ?

ಶಿವು_ಲ್ಯಾನ್ಸಿಂಗ್
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಷಿಗನ್‌ನಲ್ಲಿ. ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಹಳೇ ರಿಕರ್ವ್ (ತುದಿಗಳು ಆಚೆಗೆ ಬಾಗಿದ) ಬಿಲ್ಲೊಂದು ಕಣ್ಣಿಗೆ ಬಿತ್ತು. 40 ಡಾಲರ್ ಕೊಟ್ಟು ತಂದೆ. ಹೆದೆ ಇಲ್ಲ. ಲಿಂಬ್ (ಹಿಡಿಯ ಮೇಲೆ ಕೆಳಗಿನ ಬಾಗುವ ತೋಳು) ಮೇಲೆ ‘ಬೇರ್ ಗ್ರಿಝ್ಲಿ’ ಅಂತ ಅಚ್ಚಾಗಿದೆ. ಹಿಡಿಯ ಮರದೊಳಗೆ ಹಿತ್ತಾಳೆ ಬಣ್ಣದ ಒಂದು ನಾಣ್ಯ ಕೂರಿಸಿದ್ದಾರೆ, ಅದರಲ್ಲಿ ಕರಡಿ ಚಿತ್ರ. ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ಎಎಂಒ 58 ಇಂಚು, 45#, 8ರಿಂದ ಶುರುವಾಗುವ ಒಂದು ನಂಬರ್. ಪೇಟೆಂಟ್ ಸಾಲಿನಲ್ಲಿ ‘ಕೆನಡಾ 1953’ ಅಂತಲೂ ಇದೆ.

ಹಾಗಾದರೆ ಇದು 1953ರಲ್ಲಿ ಕೆನಡಾದಲ್ಲಿ ತಯಾರಾದದ್ದಾ? ಮಾರಿದ ಅಜ್ಜ ‘ನನ್ನ ತಮ್ಮ ಇದರಲ್ಲಿ ಜಿಂಕೆ ಹೊಡೀತಿದ್ದ’ ಅಂದರು, ಅಷ್ಟೇ. ನನಗೆ ಬೇಟೆ ಬೇಡ. ಹಿತ್ತಲಲ್ಲಿ ಟಾರ್ಗೆಟ್ ಇಟ್ಟು ಹೊಡೆಯುವ ಆಸೆ. ಲಿಂಬ್ ಮೇಲೆ ಕೂದಲೆಳೆಯಂಥ ಗೆರೆಗಳಿವೆ. ಫೋಟೋ ಹಾಕಿದ್ದೇನೆ. ತಿಳಿದವರು ಹೇಳಿ.

ಹುಬ್ಬಳ್ಳಿ_ಹೈದ
40 ಡಾಲರ್‌ಗೆ ಗಾಂಡೀವ! ಅಕ್ಷಯ ಬತ್ತಳಿಕೆ ಫ್ರೀ ಕೊಟ್ಟರಾ?

ಹೂಸ್ಟನ್_ಬಿಲ್ಲಾಳು
ಶಿವು ಅವರೇ, 1953ನ್ನು ಮೊದಲು ತಲೆಯಿಂದ ತೆಗೆಯಿರಿ. ಅದು ಪೇಟೆಂಟ್‌ಗೆ ಸಂಬಂಧಿಸಿದ ವರ್ಷ. ಬೇರ್ ಕಂಪನಿ ಎಷ್ಟೋ ವರ್ಷ ತನ್ನ ಬಿಲ್ಲುಗಳ ಮೇಲೆ ಅದನ್ನೇ ಅಚ್ಚು ಹಾಕಿದೆ. ಆನ್‌ಲೈನ್‌ನಲ್ಲಿ ‘1953ರ ಅಪರೂಪದ ಕೆನಡಿಯನ್ ಬಿಲ್ಲು’ ಅಂತ ಮಾರುವವರಿಗೆ ಮಾತ್ರ ಅದರಿಂದ ಲಾಭ.

ನಿಮ್ಮದು ಅಪ್ಪಟ ಮಿಷಿಗನ್ ಕೂಸು. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಕಂಪನಿ ಶುರು ಮಾಡಿದ. 1947ರಲ್ಲಿ ಗ್ರೇಲಿಂಗ್‌ಗೆ ಹೋದರು. ಅದು ನಿಮ್ಮೂರಿನಿಂದ ಉತ್ತರಕ್ಕೆ ಎರಡು ಗಂಟೆ ದಾರಿ. 1978ರಲ್ಲಿ ಕಾರ್ಖಾನೆ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಹಾಗಾಗಿ ಬಿಲ್ಲಿನ ಮೇಲೆ ಗೇನ್ಸ್‌ವಿಲ್ ಅಂತಿದ್ದರೆ ಹೊಸ ಕಾಲದ್ದು, ಗ್ರೇಲಿಂಗ್ ಅಂತಿದ್ದರೆ ಅದಕ್ಕೂ ಹಿಂದಿನದು.

ಈಗ ನಾಣ್ಯ. ಅದರ ಮೇಲೆ ಬೆರಳಾಡಿಸಿ. ಮರದ ಮಟ್ಟಕ್ಕೆ ಸಮನಾಗಿದೆಯಾ, ಉಬ್ಬಿದೆಯಾ? ಸಮನಾಗಿದ್ದರೆ 1972ರ ಒಳಗಿನದು. ಉಬ್ಬಿದ್ದರೆ ಆಮೇಲಿನದು. ಹಿತ್ತಾಳೆ ನಾಣ್ಯ ಅಂದರೆ 60ರ ದಶಕದ ಮಾಲು. ಇನ್ನು 1965ರಿಂದ 1969ರವರೆಗೆ ಸೀರಿಯಲ್ ನಂಬರಿನ ಮೊದಲ ಅಂಕಿಯೇ ವರ್ಷದ ಕೊನೆಯ ಅಂಕಿ. ನಿಮ್ಮದು 8, ಅಂದರೆ 1968. ಆ ಐದು ವರ್ಷ ಬಿಟ್ಟು ಬೇರೆ ಕಾಲದ ಬೇರ್ ಬಿಲ್ಲಿಗೆ ಈ ಲೆಕ್ಕ ಹಾಕಬೇಡಿ, ತಪ್ಪುತ್ತದೆ. ಅದಕ್ಕೇ ಮೊದಲು ನಾಣ್ಯ, ಆಮೇಲೆ ನಂಬರ್.

ಶಿವು_ಲ್ಯಾನ್ಸಿಂಗ್
ನಾಣ್ಯ ಸಮನಾಗಿದೆ. ಉಗುರಿಗೂ ಸಿಗುವುದಿಲ್ಲ. ಅಂದರೆ 1968! ನನಗಿಂತ ದೊಡ್ಡದು.

ರಂಗಣ್ಣ_ರಾಜಾಜಿನಗರ
ನನ್ನ ಮಾತು ಕೇಳಿ, ಗೋಡೆಗೆ ಹಾಕಿ. ಐವತ್ತು ವರ್ಷ ಮೀರಿದ ಗೋಂದು, ಐವತ್ತು ವರ್ಷ ಮೀರಿದ ಮರ. ಮುಖದ ಪಕ್ಕದಲ್ಲೇ ಹಿಡಿದು ಎಳೆಯುವ ವಸ್ತು ಅದು. ಮುರಿದರೆ ಕಣ್ಣು ಹೋಗುತ್ತದೆ. 200 ಡಾಲರ್ ಕೊಟ್ಟರೆ ಹೊಸದೇ ಬರುತ್ತೆ, ವಾರಂಟಿ ಸಮೇತ.

ಹೂಸ್ಟನ್_ಬಿಲ್ಲಾಳು
ರಂಗಣ್ಣ, ವಯಸ್ಸು ನೋಡಿ ತೀರ್ಪು ಕೊಟ್ಟರೆ ಹೇಗೆ? 60ರ ದಶಕದ ಬಿಲ್ಲು ಬರೀ ಮರವಲ್ಲ. ಒಳಗೆ ಮೇಪಲ್ ಪಟ್ಟಿ, ಹಿಂದೆ ಮುಂದೆ ಫೈಬರ್‌ಗ್ಲಾಸ್. ಕೆಲಸ ಮಾಡುವುದು ಹೆಚ್ಚಾಗಿ ಗ್ಲಾಸೇ. ಅದು ವರ್ಷ ಕಳೆದಷ್ಟಕ್ಕೇ ಸಾಯುವುದಿಲ್ಲ. ಸಾಯಿಸುವುದು ಅಟ್ಟದ ಬಿಸಿ, ಬೇಸಿಗೆಯಲ್ಲಿ ಬಾಗಿಲು ಹಾಕಿದ ಕಾರು, ಬಾಣವಿಲ್ಲದೆ ಹೆದೆ ಬಿಡುವ ಚಾಳಿ. 1968ರ ಬಿಲ್ಲು ತಂಪು ನೆಲಮಾಳಿಗೆಯಲ್ಲಿ ಮಲಗಿದ್ದರೆ ಚೆನ್ನಾಗಿರುತ್ತೆ. ಹೋದ ವರ್ಷದ ಬಿಲ್ಲು ಜುಲೈನಲ್ಲಿ ಹೂಸ್ಟನ್ ಕಾರಿನಲ್ಲಿ ಬಿದ್ದಿದ್ದರೆ ಪದರ ಬಿಚ್ಚಿರುತ್ತೆ.

ರಂಗಣ್ಣ_ರಾಜಾಜಿನಗರ
ಸರಿ, ಆದರೆ ಆ ಅಜ್ಜ ಅದನ್ನು ಎಲ್ಲಿಟ್ಟಿದ್ದ ಅಂತ ಯಾರಿಗೆ ಗೊತ್ತು? ಗ್ಯಾರೇಜ್ ಸೇಲ್ ಅಂತ ಅವರೇ ಬರೆದಿದ್ದಾರಲ್ಲ. ಗ್ಯಾರೇಜಿನಲ್ಲೇ ಇತ್ತು.

ಶಾಲಿನಿ_ಮಿನಿಯಾಪೊಲಿಸ್
ಇಬ್ಬರ ಮಾತೂ ಅರ್ಧ ಸರಿ. ಯಾವ ವರ್ಷದ್ದು ಅನ್ನುವುದು ಒಂದು ಪ್ರಶ್ನೆ. ಹೊಡೆಯಬಹುದಾ ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ನಾಣ್ಯ, ನಂಬರ್ ಉತ್ತರ ಹೇಳುತ್ತವೆ. ಎರಡನೆಯದಕ್ಕೆ ಲಿಂಬ್ ಮಾತ್ರ ಹೇಳಬಲ್ಲದು. ಇಲ್ಲಿನ ಕ್ಲಬ್ಬಿನಲ್ಲಿ ಹಳೇ ಬಿಲ್ಲು ತಂದವರದ್ದೆಲ್ಲ ನನ್ನ ಮೇಜಿಗೇ ಬರುತ್ತೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆದೆ ಏರಿಸುವ ಮೊದಲು ಒಂದು ಹತ್ತಿ ಉಂಡೆ ತಗೊಳ್ಳಿ. ಲಿಂಬಿನ ಎರಡೂ ಮುಖದ ಮೇಲೆ, ಎರಡೂ ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಎಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಗ್ಲಾಸ್ ಎದ್ದಿದೆ ಅಂತ ಅರ್ಥ. ಬರಿಗೈಯಲ್ಲಿ ಸವರಬೇಡಿ, ಗ್ಲಾಸಿನ ಸಿಬಿರು ಬೆರಳೊಳಗೆ ಹೋದರೆ ಬೇಗ ಬರುವುದಿಲ್ಲ.

ನಿಮ್ಮ ಫೋಟೋದ ಗೆರೆಗಳು ಲಿಂಬಿನ ಉದ್ದಕ್ಕೆ ಓಡಿವೆ. ನಾರಿನ ದಿಕ್ಕಿನಲ್ಲೇ ಇವೆ. ಹಳೇ ಬೇರ್ ಬಿಲ್ಲುಗಳಲ್ಲಿ ಅದು ಮಾಮೂಲು, ಬಹುತೇಕ ಬರೀ ನೋಟದ ದೋಷ. ಅಡ್ಡಕ್ಕೆ, ಅಂದರೆ ಲಿಂಬನ್ನು ಕತ್ತರಿಸುವ ಹಾಗೆ ಗೆರೆ ಬಂದಿದ್ದರೆ, ಅದೂ ಉಗುರಿಗೆ ಸಿಕ್ಕರೆ, ಅಲ್ಲಿಗೆ ಮುಗಿಯಿತು. ಆಗ ರಂಗಣ್ಣನ ಮಾತೇ ಸರಿ, ಗೋಡೆಗೆ ಮೊಳೆ ಹೊಡೆಯಿರಿ. ಕೆಲವೊಮ್ಮೆ ವಾರ್ನಿಷ್ ಮಾತ್ರ ಅಡ್ಡ ಬಿರಿದಿರುತ್ತೆ. ಅದಕ್ಕೇ ಉಗುರು, ಟಾರ್ಚ್, ಭೂತಗನ್ನಡಿ ಮೂರೂ ಬೇಕು.

ಆಮೇಲೆ ಅಂಚು. ಬಿಲ್ಲನ್ನು ಪಕ್ಕಕ್ಕೆ ತಿರುಗಿಸಿ, ಗ್ಲಾಸ್ ಮತ್ತು ಮರ ಸೇರುವ ಗೆರೆಯನ್ನು ಉದ್ದಕ್ಕೂ ನೋಡುತ್ತಾ ಹೋಗಿ. ಹಿಡಿ ಮುಗಿದು ಲಿಂಬ್ ಶುರುವಾಗುವ ಜಾಗ, ತುದಿಯ ಬಾಗು, ಇವೆರಡನ್ನು ಜಾಸ್ತಿ ನೋಡಿ. ಪದರ ಬಿಡುವುದು ಹೆಚ್ಚಾಗಿ ಅಲ್ಲೇ. ಅನುಮಾನ ಬಂದ ಕಡೆ ತೆಳು ಕಾಗದದ ಮೂಲೆ ತೂರುತ್ತಾ ನೋಡಿ. ಒಂದು ನಾಣ್ಯದಿಂದ ಲಿಂಬ್ ಉದ್ದಕ್ಕೂ ಟಕ್ ಟಕ್ ಅಂತ ತಟ್ಟಿ. ಎಲ್ಲ ಕಡೆ ಗಟ್ಟಿ ಸದ್ದು ಬಂದು ಒಂದೇ ಕಡೆ ಬೊದ್ದು ಸದ್ದು ಬಂದರೆ ಒಳಗೆ ಗಾಳಿ ಸೇರಿದೆ.

ತುದಿಯಲ್ಲಿ ಹೆದೆ ಕೂರುವ ಕಚ್ಚು ಸವೆದು ಹರಿತವಾಗಿದೆಯಾ ನೋಡಿ. ಹಿಡಿಯಲ್ಲಿ ಯಾರಾದರೂ ಗುರಿ ನೋಡುವ ಸೈಟ್ ಕೂರಿಸಲು ಸ್ಕ್ರೂ ಹೊಡೆದಿದ್ದರೆ ಬೆಲೆ ಇಳಿಯುತ್ತೆ, ಬಿಲ್ಲಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಲಿಂಬಿಗೇ ತೂತು ಹೊಡೆದಿದ್ದರೆ ಮುಟ್ಟಬೇಡಿ.

ಶಿವು_ಲ್ಯಾನ್ಸಿಂಗ್
ಶಾಲಿನಿ ಮೇಡಂ, ತುಂಬಾ ಥ್ಯಾಂಕ್ಸ್. ಹತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಡ್ಡ ಗೆರೆ ಇಲ್ಲ. ಆದರೆ ಕೆಳಗಿನ ಲಿಂಬ್ ಸ್ವಲ್ಪ ಒಂದು ಕಡೆ ಹೊರಳಿದ ಹಾಗೆ ಕಾಣುತ್ತಿದೆ.

ಮಡಿಕೇರಿ_ಮಂದಣ್ಣ
ಗೋಡೆಯ ಮೂಲೆಗೆ ನಿಲ್ಲಿಸಿ ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಕೆಳಗಿನ ಲಿಂಬ್ ತಿರುಚುವುದು ಅದಕ್ಕೇ. ಇಲ್ಲವೇ ಕಾಲು ದಾಟಿಸಿ ತೊಡೆಗೆ ಒತ್ತಿ ಹೆದೆ ಏರಿಸುವ ಶೋಕಿ.

ಶಾಲಿನಿ_ಮಿನಿಯಾಪೊಲಿಸ್
ಹೆದೆ ಇಲ್ಲದಾಗ ತಿರುಚು ಅಳೆಯಲು ಹೋಗಬೇಡಿ, ಕಣ್ಣು ಮೋಸ ಮಾಡುತ್ತೆ. ಹೆದೆ ಏರಿಸಿದ ಮೇಲೆ ಬಿಲ್ಲನ್ನು ಕಣ್ಣ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಹೆದೆ ಎರಡೂ ಲಿಂಬಿನ ನಡುಗೆರೆಯ ಮೇಲೆ ಬರಬೇಕು. ತುದಿಯಲ್ಲಿ ಸ್ವಲ್ಪ ಆ ಕಡೆ ಈ ಕಡೆ ಇದ್ದರೆ ಪರವಾಗಿಲ್ಲ. ಹೆದೆ ಲಿಂಬಿನ ಅಂಚಿನಿಂದ ಜಾರುವ ಹಾಗಿದ್ದರೆ ತಕ್ಷಣ ಇಳಿಸಿ.

ಮಡಿಕೇರಿ_ಮಂದಣ್ಣ
ತಿರುಚು ಬಿಡಿಸಬಹುದು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಲಿಂಬಿಗೆ ಸುತ್ತಿ, ಎದುರು ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ತಿರುಚಿ ಹಿಡಿಯಿರಿ. ತಣ್ಣಗಾದ ಮೇಲೆ ಬಿಡಿ.

ಹೂಸ್ಟನ್_ಬಿಲ್ಲಾಳು
ಬಿಸಿನೀರು ಯಾಕೆ? ಹೆದೆ ಏರಿಸಿ, ಬರೀ ಕೈಯಲ್ಲಿ ಎದುರು ಕಡೆಗೆ ತಿರುಚಿ ಒಂದಷ್ಟು ಹೊತ್ತು ಹಿಡಿಯಿರಿ. ಆಮೇಲೆ ಹಾಗೇ ಬಿಟ್ಟು ಮತ್ತೆ ಮಾಡಿ. ಗೋಂದಿನ ಬಿಲ್ಲಿಗೆ ಬಿಸಿ ತೋರಿಸುವುದೇ ಬೇಡ. ಈಗ ತಾನೇ ಬಿಸಿ ಅಂದರೆ ಶತ್ರು ಅಂತ ಬರೆದೆ.

ಮಡಿಕೇರಿ_ಮಂದಣ್ಣ
ನಲ್ಲಿಯ ಬಿಸಿನೀರಿಗೂ ಟೆಕ್ಸಾಸ್ ಕಾರಿಗೂ ವ್ಯತ್ಯಾಸ ಇದೆ ಮಾರಾಯ್ರೆ. ಕುದಿಯುವ ನೀರು ಅಂತ ನಾನು ಹೇಳಲಿಲ್ಲ. ಹೀಟ್ ಗನ್ ತಂದರೆ ಮಾತ್ರ ನಿಮ್ಮ ಪಕ್ಷ.

ಹುಬ್ಬಳ್ಳಿ_ಹೈದ
ಜನಕ ಮಹಾರಾಜನ ಹತ್ತಿರ ಇದ್ದದ್ದೂ ವಿಂಟೇಜ್ ಬಿಲ್ಲೇ ಅಲ್ವಾ? ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದರು, ಹತ್ತಿ ಉಂಡೆ ಎಳೆಯಲಿಲ್ಲ. ರಾಮ ಎಳೆದ, ಮುರೀತು.

ಶಾಲಿನಿ_ಮಿನಿಯಾಪೊಲಿಸ್
ನಟ್ಟನಡುವೆ ಮುರಿಯಿತು ಅಂತ ಕಥೆ. ಅಂದರೆ ಹಿಡಿಯಲ್ಲಿ ದೋಷ, ಲಿಂಬ್ ಚೆನ್ನಾಗಿತ್ತು 😄

ಕವೆಂಟ್ರಿ_ಕಿರಣ
ಇಂಗ್ಲೆಂಡ್‌ನಿಂದ ಒಂದು ಎಚ್ಚರಿಕೆ. ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಅಪೊಲೊ ಅಂತ ಉಕ್ಕಿನ ಬಿಲ್ಲು ಸಿಗುತ್ತೆ. ಆಕ್ಲ್ಸ್ ಅಂಡ್ ಪೊಲಾಕ್ ಕಂಪನಿಯದ್ದು. ಒಳಗೆ ಟೊಳ್ಳು, ಕೊಳವೆ ತರಹ. ಹೊರಗೆ ಬಣ್ಣ ಮಿರಿಮಿರಿ ಅನ್ನುತ್ತೆ, ಒಳಗೆ ತುಕ್ಕು ಹಿಡಿದಿರುತ್ತೆ. ಒಳಗೆ ಇಣುಕಿ ನೋಡಲು ದಾರಿಯೇ ಇಲ್ಲ. ಮುರಿಯುವ ಮೊದಲು ಗ್ಲಾಸ್ ಬಿಲ್ಲು ಚಿಟ್ ಚಿಟ್ ಅಂತ ಸದ್ದಾದರೂ ಮಾಡೀತು, ಇದು ಅದೂ ಮಾಡುವುದಿಲ್ಲ. ಒಂದೇ ಸಲಕ್ಕೆ ತುಂಡು. ಎಷ್ಟೇ ಚಂದ ಕಂಡರೂ ಎಳೆಯಬೇಡಿ.

ಯೂ ಮರದ ಹಳೇ ಲಾಂಗ್‌ಬೋ ಕಥೆಯೂ ಹಾಗೇ. ಗ್ಲಾಸ್ ಇಲ್ಲದ ಬರೀ ಮರ. ಹೊಟ್ಟೆಯ ಕಡೆ, ಅಂದರೆ ನಿಮ್ಮ ಮುಖದ ಕಡೆ, ಸಣ್ಣ ಸಣ್ಣ ಅಡ್ಡ ಸುಕ್ಕು ಕಂಡರೆ ಮರದ ನಾರು ಒಳಗೇ ಕುಸಿದಿದೆ ಅಂತ ಅರ್ಥ. ಕೊಂಬಿನ ತುದಿ ಇದ್ದರೆ ನೋಡಲು ಬಲು ಚಂದ. ಗೋಡೆಗೇ ಚಂದ.

ರಂಗಣ್ಣ_ರಾಜಾಜಿನಗರ
ನೋಡಿ, ಗೋಡೆಯ ಪಕ್ಷಕ್ಕೆ ಒಬ್ಬರು ಸೇರಿದರು.

ಹೂಸ್ಟನ್_ಬಿಲ್ಲಾಳು
ಕಿರಣ್ ಹೇಳಿದ್ದಕ್ಕೆ ಇದನ್ನೂ ಸೇರಿಸಿ. 1950ರ ಆಸುಪಾಸಿನ ಕೆಲವು ಬೇರ್ ಬಿಲ್ಲುಗಳ ಒಳಗೆ ಅಲ್ಯೂಮಿನಿಯಂ ಪದರ ಇತ್ತು. ಅವು ಮುರಿಯುವುದಕ್ಕೇ ಹೆಸರುವಾಸಿ. ಸಂಗ್ರಹಕಾರರು ಒಳ್ಳೇ ದುಡ್ಡು ಕೊಡುತ್ತಾರೆ, ಹೊಡೆಯುವವರು ಮುಟ್ಟುವುದಿಲ್ಲ.

ಮೈಸೂರು_ಮಹೇಶ
ನಮ್ಮ ಕಡೆ ವಿಂಟೇಜ್ ಅಂದರೆ ಬಿದಿರು. ಇಂಡಿಯನ್ ರೌಂಡ್ ಸ್ಪರ್ಧೆಗೆ ಇವತ್ತಿಗೂ ಬಿದಿರಿನ ಬಿಲ್ಲೇ, 30 ಮೀಟರ್, 50 ಮೀಟರ್. ನಮ್ಮ ಮಾವ ಸ್ಪರ್ಧೆಗೆ ಹೋಗುತ್ತಿದ್ದ ಕಾಲದ ಒಂದು ಬಿಲ್ಲು ಮನೆಯಲ್ಲಿದೆ. ಅಟ್ಟದಿಂದ ಇಳಿಸಿದರೆ ಹಳದಿ ಪುಡಿ ಉದುರುತ್ತೆ. ಹುಳ ಹೊಡೆದಿದೆ. ಅದಕ್ಕೆ ಎಣ್ಣೆ ಹಚ್ಚಿದರೆ ಸರಿ ಹೋಗುತ್ತಾ?

ಮಡಿಕೇರಿ_ಮಂದಣ್ಣ
ಪುಡಿ ಉದುರುತ್ತಿದೆ ಅಂದರೆ ಒಳಗೆ ಸುರಂಗ ಕೊರೆದಿದೆ. ಎಣ್ಣೆ ಹಚ್ಚಿ ಮಾವನ ನೆನಪಿಗೆ ಇಟ್ಟುಕೊಳ್ಳಿ. ಬಿದಿರು ಸಿಗದ ಊರಾ ಮೈಸೂರು? ಹೊಸದು ಮಾಡಿಸಿ.

ಶಿವು_ಲ್ಯಾನ್ಸಿಂಗ್
ವಿಷಯಕ್ಕೆ ಬರೋಣ 🙏 ಹೆದೆ ಯಾವುದು ತರಲಿ? ಬಿಲ್ಲು 58 ಇಂಚು, ಹಾಗಾದರೆ ಹೆದೆಯೂ 58 ಇಂಚಾ?

ಹೂಸ್ಟನ್_ಬಿಲ್ಲಾಳು
ಅಂಗಡಿಯಲ್ಲಿ ‘ಎಎಂಒ 58’ ಅಂತ ಕೇಳಿ. ಎಎಂಒ ಅಂದರೆ ಬಿಲ್ಲು ತಯಾರಕರ ಸಂಘದ ಅಳತೆ. ಆ ಹೆದೆಯ ನಿಜ ಉದ್ದ ಮೂರ್ನಾಲ್ಕು ಇಂಚು ಕಡಿಮೆ ಇರುತ್ತೆ. ಡೇಕ್ರಾನ್ (ಪಾಲಿಯೆಸ್ಟರ್ ನೂಲು) ಇರಲಿ, 12 ಅಥವಾ 14 ಎಳೆ. ಫಾಸ್ಟ್‌ಫ್ಲೈಟ್ ತರಹದ ಹಿಗ್ಗದ ಹೊಸ ನೂಲು ಬೇಡವೇ ಬೇಡ.

ದಾವಣಗೆರೆ_ದೀಪು
ಯಾಕೆ ಬೇಡ? ನಾನು ಹಳೇ ಬಿಲ್ಲಿಗೆ ಫಾಸ್ಟ್‌ಫ್ಲೈಟ್ ಹಾಕಿ ಹೊಡೆಯುತ್ತಿದ್ದೇನೆ. ಬಾಣದ ವೇಗ ಜಾಸ್ತಿ. ಏನೂ ಆಗಿಲ್ಲ.

ಶಾಲಿನಿ_ಮಿನಿಯಾಪೊಲಿಸ್
‘ಇನ್ನೂ’ ಏನೂ ಆಗಿಲ್ಲ ಅನ್ನಿ ದೀಪು. ಡೇಕ್ರಾನ್ ಸ್ವಲ್ಪ ಹಿಗ್ಗುತ್ತೆ, ಬಾಣ ಬಿಟ್ಟಾಗಿನ ಏಟನ್ನು ತಾನೇ ತಿನ್ನುತ್ತೆ. ಹೊಸ ನೂಲು ಹಿಗ್ಗುವುದಿಲ್ಲ. ಏಟು ನೇರ ತುದಿಗೆ. ಇವತ್ತಿನ ಬಿಲ್ಲುಗಳ ತುದಿಯನ್ನು ಅದಕ್ಕೆಂದೇ ಗಟ್ಟಿ ಮಾಡಿರುತ್ತಾರೆ. 1968ರಲ್ಲಿ ಅಂಥ ನೂಲೇ ಇರಲಿಲ್ಲ, ಇನ್ನು ತುದಿಯನ್ನು ಯಾಕೆ ಗಟ್ಟಿ ಮಾಡುತ್ತಾರೆ? ಕಚ್ಚಿನ ಹತ್ತಿರ ತುದಿ ಸೀಳಿದ ಬಿಲ್ಲುಗಳನ್ನು ಕ್ಲಬ್ಬಿನಲ್ಲಿ ಸಾಕಷ್ಟು ನೋಡಿದ್ದೇನೆ. ಸೆಕೆಂಡಿಗೆ ನಾಲ್ಕಡಿ ಹೆಚ್ಚು ವೇಗಕ್ಕೆ ಬಿಲ್ಲನ್ನೇ ಪಣಕ್ಕಿಡುವುದು ಯಾಕೆ?

ದಾವಣಗೆರೆ_ದೀಪು
ಹೆದೆಯ ಕುಣಿಕೆಯಲ್ಲಿ ಎಳೆ ಜಾಸ್ತಿ ಹಾಕಿ ದಪ್ಪ ಮಾಡಿದರೆ ತುದಿ ಕೊಯ್ಯುವುದಿಲ್ಲ. ಎಷ್ಟೋ ಜನ ಹಾಗೆ ಮಾಡುತ್ತಾರೆ.

ಶಾಲಿನಿ_ಮಿನಿಯಾಪೊಲಿಸ್
ಮಾಡುತ್ತಾರೆ. ನಿಮ್ಮ ಬಿಲ್ಲು, ನಿಮ್ಮ ಇಷ್ಟ. ಮೊದಲ ಸಲ ಹಳೇ ಬಿಲ್ಲು ಹಿಡಿದವರಿಗೆ ನಾನು ಹೇಳುವುದಿಲ್ಲ.

ಶಿವು, ಹೆದೆ ಬಂದ ಮೇಲೆ ಸ್ಟ್ರಿಂಗರ್ ಹಗ್ಗದಿಂದಲೇ ಏರಿಸಿ. ಹಿಡಿಯ ಆಳದ ಜಾಗದಿಂದ ಹೆದೆಗೆ ಏಳೂವರೆಯಿಂದ ಎಂಟು ಇಂಚು ಬರಲಿ, ಕಡಿಮೆ ಬಂದರೆ ಹೆದೆಗೆ ಇನ್ನಷ್ಟು ಸುತ್ತು ಕೊಡಿ. ಒಂದು ಗಂಟೆ ಹಾಗೇ ಬಿಟ್ಟು ಬೇರೆ ಕೆಲಸ ನೋಡಿ. ಆಮೇಲೆ ಮತ್ತೆ ಹತ್ತಿ, ಮತ್ತೆ ಅಂಚು. ಸರಿ ಇದ್ದರೆ ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರ ಕಳಿಸಿ, ಸೊಂಟದ ಮಟ್ಟದಲ್ಲಿ ಹಿಡಿದು ನಾಲ್ಕೈದು ಇಂಚು ಎಳೆದು ಮೆಲ್ಲಗೆ ವಾಪಸ್ ತನ್ನಿ. ಹಾಗೇ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಚಿಟ್ ಅಂತ ಸದ್ದು ಬಂದರೆ ನಿಲ್ಲಿಸಿ. ಬಾಣವಿಲ್ಲದೆ ಹೆದೆ ಬಿಡಬೇಡಿ. ಗೆಳೆಯರು ಮನೆಗೆ ಬಂದಾಗ ಎತ್ತಿಕೊಂಡು ‘ಟೊಂಯ್’ ಅನ್ನಿಸುತ್ತಾರಲ್ಲ, ಅವರಿಂದ ಅಡಗಿಸಿಡಿ.

ಕವೆಂಟ್ರಿ_ಕಿರಣ
ಇನ್ನೊಂದು ಮುಖ್ಯ ವಿಷಯ. ಯಾವ ಕಡೆಗೆ ಬಾಗಿಸಬೇಕು ಅಂತ ಗೊತ್ತಿದೆ ತಾನೇ? ಹೆದೆ ಇಲ್ಲದಾಗ ರಿಕರ್ವ್ ತುದಿ ನಿಮ್ಮಿಂದ ಆಚೆಗೆ ಬಾಗಿರುತ್ತೆ. ಅದನ್ನು ಎದುರು ದಿಕ್ಕಿಗೆ ಎಳೆದು ಏರಿಸಬೇಕು. ಗೊತ್ತಿಲ್ಲದವರು ಆಗಲೇ ಬಾಗಿದ ಕಡೆಗೇ ಇನ್ನಷ್ಟು ಬಾಗಿಸಿ, ಉಲ್ಟಾ ಏರಿಸಿ, ಆನ್‌ಲೈನ್‌ನಲ್ಲಿ ಫೋಟೋ ಹಾಕಿರುತ್ತಾರೆ. ಹಾಗೆ ಏರಿಸಿಟ್ಟ ಬಿಲ್ಲನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ನನ್ನ ಆಫೀಸಿನವರೊಬ್ಬರು ಹಾಗೇ ಕೊಂಡು, ಸರಿ ದಿಕ್ಕಿಗೆ ಏರಿಸುವಾಗಲೇ ಲಿಂಬ್ ಸೀಳಿತು.

ಸುಮಾ_ತುಮಕೂರು
45# ಅಂದರೆ 45 ಪೌಂಡ್ ಅಲ್ವಾ? ಹೊಸಬರಿಗೆ ಅದು ಜಾಸ್ತಿ ಆಗಲ್ವಾ? ನಮ್ಮ ಕೋಚ್ 20ರಿಂದ ಶುರು ಮಾಡಿಸಿದ್ದು.

ಹೂಸ್ಟನ್_ಬಿಲ್ಲಾಳು
ಜಾಸ್ತಿಯೇ. ಆದರೆ ಆ ಅಂಕಿ ಹೆದೆಯನ್ನು 28 ಇಂಚು ಎಳೆಯಲು ಬೇಕಾದ ಬಲ. ನಿಮ್ಮ ಎಳೆತ 26 ಇದ್ದರೆ ಇಂಚಿಗೆ ಎರಡು ಮೂರು ಪೌಂಡ್ ಕಳೆಯಿರಿ. ಸುಮಾರು 40 ಉಳಿಯುತ್ತೆ. ಅಳೆಯುವುದು ಸುಲಭ. ಅಮೆರಿಕದಲ್ಲಿರುವ ಪ್ರತಿ ಕನ್ನಡಿಗನ ಮನೆಯಲ್ಲೂ ಲಗೇಜ್ ತೂಗುವ ತಕ್ಕಡಿ ಇರುತ್ತೆ. ಕೊಕ್ಕೆಯನ್ನು ಹೆದೆಗೆ ಹಾಕಿ ಎಳೆಯಿರಿ. ಊರಿಗೆ ಹೋಗುವಾಗ ಮಾತ್ರ ಯಾಕೆ ಅದಕ್ಕೆ ಕೆಲಸ?

ಹುಬ್ಬಳ್ಳಿ_ಹೈದ
50 ಪೌಂಡ್ ದಾಟಿದರೆ ಬಿಲ್ಲಿಗೂ ಎಕ್ಸ್‌ಟ್ರಾ ಚಾರ್ಜ್ 😂

ಶಿವು_ಲ್ಯಾನ್ಸಿಂಗ್
ಅಪ್‌ಡೇಟ್. ಡೇಕ್ರಾನ್ ಹೆದೆ ಬಂತು, ಸ್ಟ್ರಿಂಗರ್‌ನಿಂದ ಏರಿಸಿದೆ. ಹೆದೆ ಮೇಲಿನ ಲಿಂಬಿನಲ್ಲಿ ನಡುವೆ ಇದೆ. ಕೆಳಗೆ ಕೂದಲಷ್ಟು ಪಕ್ಕಕ್ಕೆ. ಲಗೇಜ್ ತಕ್ಕಡಿ 27 ಇಂಚಿಗೆ 42 ತೋರಿಸಿತು. ಯಾವ ಸದ್ದೂ ಇಲ್ಲ. ಬಾಣ ಯಾವುದು ತರಲಿ? ಅಂಗಡಿಯವ ಹಗುರದ ಕಾರ್ಬನ್ ಬಾಣ ತಗೊಳ್ಳಿ ಅಂತಿದ್ದಾನೆ.

ಶಾಲಿನಿ_ಮಿನಿಯಾಪೊಲಿಸ್
ಕೂದಲಷ್ಟು ಇದ್ದರೆ ಬಿಟ್ಟುಬಿಡಿ, ಬಿಸಿನೀರೂ ಬೇಡ, ಜಗಳವೂ ಬೇಡ.

ಹಗುರದ ಬಾಣ ಬೇಡ. ಬಾಣ ಹಗುರವಾದಷ್ಟೂ ಬಿಲ್ಲಿನ ಶಕ್ತಿ ಬಾಣಕ್ಕೆ ಹೋಗದೆ ಲಿಂಬಿಗೇ ವಾಪಸ್ ಬರುತ್ತೆ. ತೀರಾ ಹಗುರವಾದರೆ ಬಾಣವಿಲ್ಲದೆ ಬಿಟ್ಟಷ್ಟೇ ಕೆಟ್ಟದ್ದು. ಎಳೆತದ ಪ್ರತಿ ಪೌಂಡಿಗೆ 9-10 ಗ್ರೇನ್ (ಬಾಣ ತೂಗುವ ಸಣ್ಣ ಅಳತೆ) ಲೆಕ್ಕ ಹಿಡಿಯಿರಿ. ನಿಮ್ಮ 42ಕ್ಕೆ ಬಾಣ 380ರಿಂದ 420 ಗ್ರೇನ್ ತೂಗಬೇಕು. ಮರದ ಬಾಣವೋ ಅಲ್ಯೂಮಿನಿಯಂ ಬಾಣವೋ ಇರಲಿ.

ಹೂಸ್ಟನ್_ಬಿಲ್ಲಾಳು
ಅಲ್ಯೂಮಿನಿಯಂ ಆದರೆ ಈಸ್ಟನ್ 1816 ಅಥವಾ 1916 ಹಾಕಿ ನೋಡಿ. ಆ ನಾಲ್ಕಂಕಿ ವರ್ಷ ಅಲ್ಲ ಮತ್ತೆ! 1916 ಅಂದರೆ ದಪ್ಪ ಇಂಚಿನ 64ರಲ್ಲಿ 19 ಭಾಗ, ಕೊಳವೆಯ ಗೋಡೆ ಇಂಚಿನ ಸಾವಿರದಲ್ಲಿ 16 ಭಾಗ.

ರಂಗಣ್ಣ_ರಾಜಾಜಿನಗರ
ಹೊಡೆಯುವುದು ಅಂತ ತೀರ್ಮಾನ ಆಯಿತು ಅನ್ನಿ. ಕನ್ನಡಕ ಮಾತ್ರ ಮರೆಯಬೇಡಿ. ನಿಮ್ಮ ಊರಿನ ಹಿತ್ತಲಲ್ಲಿ ಬಾಣ ಬಿಡಲು ಅನುಮತಿ ಇದೆಯಾ ಅಂತಲೂ ಕೇಳಿಕೊಳ್ಳಿ. ಪಕ್ಕದ ಮನೆಯವರ ನಾಯಿ, ಬೇಲಿ, ಎಲ್ಲ ಇರುತ್ತೆ.

ಸುಮಾ_ತುಮಕೂರು
ನನ್ನ ಕಸಿನ್ ಡಲ್ಲಾಸ್‌ನಲ್ಲಿದ್ದಾಳೆ. ಅವಳ ಹತ್ತಿರದ ಅಂಗಡಿಯಲ್ಲಿ ವಿಂಗ್ ಅನ್ನುವ ಬಿಲ್ಲು ಇದೆಯಂತೆ, 80 ಡಾಲರ್. ಜೊತೆಗೆ 80ರ ದಶಕದ ಕಾಂಪೌಂಡ್ (ಚಕ್ರ, ಕೇಬಲ್ ಇರುವ ಬಿಲ್ಲು) ಒಂದು, 30 ಡಾಲರ್. ಯಾವುದು ತಗೊಳ್ಳಲಿ ಅಂತ ಕೇಳುತ್ತಿದ್ದಾಳೆ. ಅವಳು ಎಡಗೈಯವಳು.

ಹೂಸ್ಟನ್_ಬಿಲ್ಲಾಳು
ವಿಂಗ್! ಬಾಬ್ ಲೀ ನಮ್ಮ ಹೂಸ್ಟನ್‌ನಲ್ಲಿ ಕಟ್ಟಿದ ಕಂಪನಿ. ಎಲ್ಲರೂ ಬೇರ್ ಬೇರ್ ಅಂತ ಓಡುತ್ತಾರೆ, ಹಾಗಾಗಿ ವಿಂಗ್, ಆರ್ಕನ್ಸಾದ ಬೆನ್ ಪಿಯರ್ಸನ್, ಕಲಮಜೂದ ಶೇಕ್ಸ್‌ಪಿಯರ್ ಬಿಲ್ಲುಗಳು ಅಗ್ಗಕ್ಕೆ ಉಳಿದಿವೆ. ಕಾಂಪೌಂಡ್ ಬಿಟ್ಟುಬಿಡಿ. ಆ ಕಾಲದ ಕೇಬಲ್, ಚಕ್ರ ಸವೆದಿರುತ್ತೆ, ಬಿಡಿಭಾಗ ಸಿಗುವುದು ಕಷ್ಟ.

ಶಾಲಿನಿ_ಮಿನಿಯಾಪೊಲಿಸ್
ಸುಮಾ, ಮೊದಲು ಬಾಣ ಕೂರುವ ಕಟ್ಟೆ ಯಾವ ಕಡೆ ಇದೆ ಅಂತ ಫೋಟೋ ತರಿಸಿ. ಹೆದೆಯ ಕಡೆಯಿಂದ ನೋಡಿದಾಗ ಕಟ್ಟೆ ಹಿಡಿಯ ಎಡಕ್ಕಿದ್ದರೆ ಅದು ಬಲಗೈಯವರದ್ದು, ಹೆದೆಯನ್ನು ಬಲಗೈಯಲ್ಲಿ ಎಳೆಯುವವರಿಗೆ. ನಿಮ್ಮ ಕಸಿನ್‌ಗೆ ಬಲಕ್ಕಿರಬೇಕು. ಹಳೇ ಬಿಲ್ಲುಗಳಲ್ಲಿ ಎಡಗೈಯವು ಕಡಿಮೆ, ಹಾಗಾಗಿ ಅಂಗಡಿಯವನ ಮಾತು ನಂಬಬೇಡಿ.

ಸುಮಾ_ತುಮಕೂರು
ಫೋಟೋ ಬಂತು. ಕಟ್ಟೆ ಬಲಕ್ಕಿದೆ. ಆದರೆ ಹೆದೆ ಉಲ್ಟಾ ಏರಿಸಿ ಗೋಡೆಗೆ ನೇತುಹಾಕಿದ್ದಾರೆ.

ಕವೆಂಟ್ರಿ_ಕಿರಣ
ಬಿಡಿ ಸುಮಾ. ಬೇರೆ ಅಂಗಡಿ ನೋಡಲು ಹೇಳಿ.